ಕರಗುತ್ತಿರುವುದು ಅನ್ನದ ದಾರಿ: ಇನುಯಿಟ್ ಜನರ ಊಟದ ತಟ್ಟೆಯಿಂದ ಕಂಡ ಆರ್ಕ್‌ಟಿಕ್

1980ರ ದಶಕದ ಕೊನೆಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವೈದ್ಯ, ಸಂಶೋಧಕ ಎರಿಕ್ ದೆವೈಯಿ ಅವರಿಗೆ ಶುದ್ಧವಾದ ಎದೆಹಾಲು ಬೇಕಿತ್ತು. ದಕ್ಷಿಣ ಕ್ವಿಬೆಕ್‌ನ ಬಾಣಂತಿಯರ ಹಾಲಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಎಷ್ಟು ಸೇರಿದೆ ಎಂದು ಅವರು ಅಳೆಯುತ್ತಿದ್ದರು. ಹೋಲಿಸಿ ನೋಡಲು ಈ ವಿಷ ಸೋಕದ ಜಾಗದ ಹಾಲು ಬೇಕು. ಕಾರ್ಖಾನೆಯಾಗಲಿ, ಹೊಲಗದ್ದೆಯಾಗಲಿ ಇಲ್ಲದ, ಹೊರಗಿನಿಂದ ಒಂದು ರಸ್ತೆಯೂ ಹೋಗದ, ಅದೇ ಪ್ರಾಂತ್ಯದ ಉತ್ತರ ಭಾಗದ ನುನಾವಿಕ್ ಪ್ರದೇಶದಿಂದ ಇನುಯಿಟ್ ತಾಯಂದಿರ ಹಾಲು ತರಿಸಿ ಪರೀಕ್ಷೆ ಮಾಡಿದರು. ದಕ್ಷಿಣದ ತಾಯಂದಿರ ಹಾಲಿಗಿಂತ ಅದರಲ್ಲಿ ಪಿಸಿಬಿ ಸುಮಾರು ಐದು ಪಟ್ಟು ಹೆಚ್ಚಿತ್ತು.

ಆ ತಾಯಂದಿರು ಯಾವ ರಾಸಾಯನಿಕವನ್ನೂ ಮುಟ್ಟಿದವರಲ್ಲ. ಅವರು ಉಂಡದ್ದು ತಮ್ಮ ಅಜ್ಜಿಯರು ಉಂಡದ್ದನ್ನೇ: ಸೀಲ್ ಮಾಂಸ, ತಿಮಿಂಗಿಲದ ಕೊಬ್ಬು, ಮೀನು. ಸಾವಿರಾರು ಮೈಲಿ ದೂರದ ಕಾರ್ಖಾನೆಗಳ ಕೊಳೆ ಗಾಳಿ ನೀರಿನ ಮೇಲೆ ಸವಾರಿ ಮಾಡಿ ಉತ್ತರ ಸೇರಿ, ಆ ಕೊಬ್ಬಿನಲ್ಲಿ ಕೂತಿತ್ತು. ಹಾಗಾದರೆ ಮಗುವಿಗೆ ಮೊಲೆಯೂಡುವುದೋ, ಬೇಡವೋ? ಊಡಿಸಿ ಎಂದೇ ವೈದ್ಯರು ಹೇಳಿದರು, ಎದೆಹಾಲು ಬಿಡಿಸಿದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು ಎಂದರು. ಆದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಈ ಪ್ರಶ್ನೆ ಕೇಳಬೇಕಾಗಿ ಬಂದ ತಾಯಿಯ ಸ್ಥಿತಿ ನೆನೆದರೆ ಇಂದಿಗೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆರ್ಕ್‌ಟಿಕ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ತೇಲುವ ಹಿಮದ ತುಂಡಿನ ಮೇಲೆ ಒಂಟಿಯಾಗಿ ನಿಂತ ಹಿಮಕರಡಿ. ಅಲ್ಲಿನ ಜನರ ಕಷ್ಟವನ್ನು ತಿಳಿಯಲು ಆ ಚಿತ್ರ ಸಾಲದು. ಒಂದು ಮನೆಯ ಊಟದ ತಟ್ಟೆಯಿಂದ ಶುರುಮಾಡಿದರೆ ಹವಾಮಾನ, ಮಾರುಕಟ್ಟೆ, ಗಣಿ, ರಾಜಕೀಯ ಎಲ್ಲವೂ ಅದೇ ತಟ್ಟೆಗೆ ಬಂದು ಸೇರುವುದು ಕಾಣುತ್ತದೆ.

ಮೊದಲು ಒಂದಿಷ್ಟು ಪರಿಚಯ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇವರು ‘ಎಸ್ಕಿಮೊ’ಗಳಾಗಿದ್ದರು. ಆ ಹೆಸರು ಹೊರಗಿನವರು ಇಟ್ಟದ್ದು. ಅವರು ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು, ಅಂದರೆ ಜನ. ಒಬ್ಬರಾದರೆ ಇನುಕ್. ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕ, ರಷ್ಯದ ಚುಕೋಟ್ಕ ಸೇರಿಸಿ ಸುಮಾರು 1,80,000 ಮಂದಿ. ಕೆನಡಾದೊಳಗೆ 1999ರ ಏಪ್ರಿಲ್ 1ರಂದು ಹುಟ್ಟಿದ ನುನಾವುಟ್ ಅವರದೇ ಬಹುಸಂಖ್ಯೆಯ ಆಡಳಿತ ಪ್ರದೇಶ. ವಿಸ್ತಾರದಲ್ಲಿ ಕರ್ನಾಟಕದಂಥ ಹತ್ತು ರಾಜ್ಯ ಹಿಡಿಸುವಷ್ಟು ದೊಡ್ಡದು, ಜನ ಮಾತ್ರ ನಮ್ಮ ಒಂದು ತಾಲ್ಲೂಕು ಕೇಂದ್ರದಲ್ಲಿರುವಷ್ಟು, ಸುಮಾರು 40 ಸಾವಿರ. ಇಪ್ಪತ್ತೈದು ಊರುಗಳಿವೆ. ಒಂದೂರಿನಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ಹಿಮ ಬಿಟ್ಟಾಗ ಹಡಗು ಬರುತ್ತದೆ, ಉಳಿದ ಕಾಲ ವಿಮಾನವೇ ಗತಿ.

ರಸ್ತೆ ಇಲ್ಲ ಎಂದೆ. ಅದು ಬೇಸಿಗೆಯ ಮಾತು. ಚಳಿಗಾಲದಲ್ಲಿ ಅವರಿಗೆ ರಸ್ತೆ ಇದೆ. ಹೆಪ್ಪುಗಟ್ಟಿದ ಕಡಲೇ ರಸ್ತೆ.

ಆ ಕಡಲಹಿಮದ ಹೆಸರು ಸಿಕು. ಅದರ ಕೆಳಗೆ ನಾಟ್ಟಿಕ್ ಎಂಬ ಸೀಲ್ ಇರುತ್ತದೆ, ಮೈಮೇಲೆ ಉಂಗುರ ಬರೆದಂತೆ ಮಚ್ಚೆಗಳಿರುವ ಜಾತಿ. ಅದಕ್ಕೆ ಉಸಿರಾಡಲು ಗಾಳಿ ಬೇಕು. ಕಡಲು ಹೆಪ್ಪುಗಟ್ಟುತ್ತಿರುವಾಗಲೇ ಮುಂಗಾಲಿನ ಉಗುರಿನಿಂದ ಹಿಮ ಕೆರೆದು ಕೆರೆದು ಒಂದು ರಂಧ್ರ ಉಳಿಸಿಕೊಳ್ಳುತ್ತದೆ. ಆ ರಂಧ್ರಕ್ಕೆ ಅಗ್ಲು ಎನ್ನುತ್ತಾರೆ. ಒಂದೊಂದು ಸೀಲ್‌ಗೂ ಇಂಥ ಹಲವು ಅಗ್ಲುಗಳು. ಬೇಟೆಗಾರ ಒಂದನ್ನು ಆರಿಸಿಕೊಂಡು, ಗಾಳಿಯ ದಿಕ್ಕು ನೋಡಿ ನಿಲ್ಲುತ್ತಾನೆ. ಕಾಲು ಎತ್ತಿ ಇಟ್ಟರೆ ಹಿಮ ಕಿರುಗುಟ್ಟಿ ಕೆಳಗೆ ಕೇಳಿಸುತ್ತದೆ, ಹಾಗಾಗಿ ಗಂಟೆಗಟ್ಟಲೆ ಅಲುಗಾಡುವಂತಿಲ್ಲ. ಸೀಲ್ ಬಂದು ಉಸಿರು ಬಿಟ್ಟಾಗ ಹಾರ್ಪೂನ್ ಎಂಬ ಈಟಿ ಬೀಳುತ್ತದೆ. ಹೆಣ್ಣು ಸೀಲ್ ವಸಂತದಲ್ಲಿ ಮರಿ ಹಾಕುವುದೂ ಇದೇ ಹಿಮದ ಮೇಲೆ, ಹಿಮದ ರಾಶಿಯೊಳಗೆ ಕೊರೆದ ಗೂಡಿನಲ್ಲಿ. ಅಕಾಲದಲ್ಲಿ ಮಳೆ ಬಂದರೆ ಗೂಡಿನ ಸೂರು ಕುಸಿಯುತ್ತದೆ. ಮರಿ ಚಳಿಗೋ, ನರಿಗೋ, ಕರಡಿಗೋ ಸಿಗುತ್ತದೆ.

ಸಿಕ್ಕ ಸೀಲ್ ಬೇಟೆಯಾಡಿದವನ ಸ್ವತ್ತಲ್ಲ. ಪಾಲು ಹಂಚಬೇಕು: ನೆಂಟರಿಗೆ, ಹಿರಿಯರಿಗೆ, ಬೇಟೆಗೆ ಹೋಗಲಾರದ ಮನೆಗಳಿಗೆ. ಕೊಬ್ಬಿನಿಂದ ಬರುವ ಎಣ್ಣೆ ಕುಲ್ಲಿಕ್ ಎಂಬ ಕಲ್ಲಿನ ದೀಪಕ್ಕೆ. ಹಿಮದ ಮನೆಯೊಳಗೆ ಬೆಳಕು, ಬಿಸಿ, ಅಡುಗೆ ಮೂರನ್ನೂ ಕೊಟ್ಟ ದೀಪ ಅದು. ಅದರ ಯಜಮಾನಿಕೆ ಹೆಂಗಸರದು, ಇಂದಿಗೂ ಸಭೆ ಸಮಾರಂಭಗಳನ್ನು ಹಿರಿಯ ಹೆಂಗಸರು ಅದನ್ನು ಹಚ್ಚಿಯೇ ಆರಂಭಿಸುತ್ತಾರೆ. ಚರ್ಮ ಬೂಟಿಗೆ, ಅಂಗಿಗೆ. ಮಾಂಸದಲ್ಲಿ ಕಬ್ಬಿಣದಂಶ ಹೇರಳ. ಹಣ್ಣು ತರಕಾರಿ ಬೆಳೆಯದ ನಾಡಿನಲ್ಲಿ ಜನ ಹೇಗೆ ಬದುಕಿದರು ಎಂದು ಕೇಳುವವರಿಗೆ ಉತ್ತರವೂ ಈ ತಟ್ಟೆಯಲ್ಲೇ ಇದೆ: ತಿಮಿಂಗಿಲದ ಚರ್ಮದಲ್ಲಿ, ಹಸಿಯಾಗಿ ತಿನ್ನುವ ಮಾಂಸದಲ್ಲಿ ವಿಟಮಿನ್ ಸಿ ಇದೆ.

ಈ ಊಟ ಸಿಗದ ದಿನ ಅಂಗಡಿಗೆ ಹೋಗಬೇಕು. ದಕ್ಷಿಣದಿಂದ ವಿಮಾನದಲ್ಲಿ ಬಂದ ಹಾಲು, ಹಣ್ಣು, ತರಕಾರಿಗೆ ಅಲ್ಲಿ ಎರಡು ಮೂರು ಪಟ್ಟು ಬೆಲೆ. ಕೈಗೆಟಕುವುದು ಪೊಟ್ಟಣದ ತಿಂಡಿ, ಸಕ್ಕರೆ ನೀರು. 2007-08ರಲ್ಲಿ ನಡೆದ ಇನುಯಿಟ್ ಆರೋಗ್ಯ ಸಮೀಕ್ಷೆಯಲ್ಲಿ ನುನಾವುಟ್‌ನ ಹತ್ತು ಮನೆಗಳಲ್ಲಿ ಸುಮಾರು ಏಳಕ್ಕೆ ಆಹಾರ ಭದ್ರತೆ ಇಲ್ಲ ಎಂದು ಗೊತ್ತಾಯಿತು. ಜಗತ್ತಿನ ಸಿರಿವಂತ ದೇಶಗಳಲ್ಲಿ ಒಂದಾದ ಕೆನಡಾದ ಮಾತಿದು. 2012ರ ಜೂನ್‌ನಲ್ಲಿ ಊರೂರುಗಳ ಜನ ಅಂಗಡಿಗಳ ಮುಂದೆ ನಿಂತು ಪ್ರತಿಭಟಿಸಿದರು. ಸರ್ಕಾರ ಸಾಗಾಣಿಕೆಗೆ ಕೊಡುವ ಸಬ್ಸಿಡಿ ಅಂಗಡಿಯವರ ಕೈಗೆ ಹೋಗುತ್ತದೆ. ಅದು ಪೂರ್ತಿಯಾಗಿ ಗಿರಾಕಿಗೆ ತಲುಪುತ್ತಿದೆಯೇ ಎಂಬುದನ್ನು ಸರ್ಕಾರ ಖಾತ್ರಿ ಮಾಡಿಕೊಂಡಿಲ್ಲ ಎಂದು 2014ರಲ್ಲಿ ಆ ದೇಶದ ಮಹಾಲೆಕ್ಕ ಪರಿಶೋಧಕರೇ ಬರೆದರು.

ಅಂದಮೇಲೆ ಹಿಮ ತೆಳುವಾಗುತ್ತಿದೆ ಎಂಬ ಸುದ್ದಿಯ ಅರ್ಥ ಬೇರೆಯಾಗುತ್ತದೆ. 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು 2022ರಲ್ಲಿ ಫಿನ್‌ಲ್ಯಾಂಡ್‌ನ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಕಾರಣಗಳಲ್ಲಿ ಮುಖ್ಯವಾದುದು ಬಿಳುಪು. ಬಿಳಿಯ ಹಿಮ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ತಿರುಗಿಸುತ್ತದೆ, ಹಿಮ ಕರಗಿ ಬಯಲಾದ ಕಪ್ಪು ಕಡಲು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತದೆ. ಹೀರಿದ ಬಿಸಿ ಇನ್ನಷ್ಟು ಹಿಮ ಕರಗಿಸುತ್ತದೆ. ಸೆಪ್ಟೆಂಬರ್ ಆರ್ಕ್‌ಟಿಕ್‌ನಲ್ಲಿ ಹಿಮ ಅತಿ ಕಡಿಮೆ ಇರುವ ತಿಂಗಳು. ಆ ತಿಂಗಳ ಹಿಮದ ಹರವು ದಶಕಕ್ಕೆ ಸುಮಾರು ಶೇ 12ರಂತೆ ಇಳಿಯುತ್ತಾ ಬಂದಿದೆ.

ನೆಲದ ಮೇಲಿರುವ ಬೇಟೆಗಾರನಿಗೆ ಈ ಸರಾಸರಿ ಬೇಕಿಲ್ಲ. ಅವನಿಗೆ ಬೇಕಾದದ್ದು ಕಾಲ ಕೆಳಗಿನ ಹಿಮ ಇವತ್ತು ತಡೆಯುತ್ತದೆಯೇ ಎಂಬುದು. ಕಡಲಹಿಮಕ್ಕೆ ಉಪ್ಪಿರುವುದರಿಂದ ಅದು ಕೆರೆಯ ಹಿಮದಂತೆ ಫಕ್ಕನೆ ಒಡೆಯುವುದಿಲ್ಲ, ಬಾಗುತ್ತದೆ. ಹೊಸ ಹಿಮ ಕಪ್ಪಗಿರುತ್ತದೆ, ದಪ್ಪವಾದಂತೆ ಬೂದಿ ಬಣ್ಣಕ್ಕೆ, ಆಮೇಲೆ ಬಿಳಿಗೆ ತಿರುಗುತ್ತದೆ. ಈಟಿಯ ಮೊನೆಯಿಂದ ಕುಟ್ಟಿ, ಅದು ಇಳಿಯುವ ಪರಿ ನೋಡಿ, ಸದ್ದು ಕೇಳಿ ಹೆಜ್ಜೆ ಇಡಬೇಕು. ಮೇಲೆ ಹಿಮಪುಡಿ ದಪ್ಪ ಬಿದ್ದಿದ್ದರೆ ಇನ್ನೂ ಅಪಾಯ, ಅದು ಕಂಬಳಿಯಂತೆ ಹೊದ್ದುಕೊಂಡು ಕೆಳಗಿನ ಹಿಮ ದಪ್ಪವಾಗಲು ಬಿಡುವುದಿಲ್ಲ. ಯಾವ ಕೊಲ್ಲಿಯಲ್ಲಿ ಯಾವ ತಿಂಗಳು ಸೆಳೆತ ಜೋರು, ಎಲ್ಲಿ ಹಿಮ ತಡವಾಗಿ ಕಟ್ಟುತ್ತದೆ ಎಂಬುದೆಲ್ಲ ತಂದೆಯಿಂದ ಮಗನಿಗೆ, ಚಿಕ್ಕಪ್ಪನಿಂದ ಹುಡುಗರಿಗೆ ದಾಟಿದ ತಿಳಿವಳಿಕೆ. ಆ ತಿಳಿವಳಿಕೆ ಸುಳ್ಳಾಗಿಲ್ಲ, ಅದು ಓದುತ್ತಿದ್ದ ಪುಸ್ತಕವೇ ಬದಲಾಗಿದೆ. ನುನಾವುಟ್‌ನ ಬಾಫಿನ್ ದ್ವೀಪದ ಹಿರಿಯರು ಇದಕ್ಕೊಂದು ಮಾತು ಹೇಳುತ್ತಾರೆ: ಉಗ್ಗಿಯಾನಕ್ತುಕ್. ಆಪ್ತ ಗೆಳೆಯನೊಬ್ಬ ಇದ್ದಕ್ಕಿದ್ದಂತೆ ಅಪರಿಚಿತನ ಹಾಗೆ ನಡೆದುಕೊಂಡರೆ ಆಗುವ ಭಾವ. ಹವೆಗೆ ಈಗ ಅದೇ ಮಾತು.

ಇದಕ್ಕೆ ಅವರು ಕೈಕಟ್ಟಿ ಕೂತಿಲ್ಲ. ಲ್ಯಾಬ್ರಡಾರ್ ಕರಾವಳಿಯ ನೇನ್ ಎಂಬ ಊರಿನಲ್ಲಿ 2009-10ರ ಚಳಿಗಾಲ ಚಳಿಯೇ ಇಲ್ಲದಂತೆ ಕಳೆಯಿತು. ಹಿಮವನ್ನು ನಂಬಿ ಹೊರಟವರು ನೀರಿಗೆ ಬಿದ್ದರು. ಅಲ್ಲಿಂದ ಹುಟ್ಟಿದ್ದು ಸ್ಮಾರ್ಟ್‌ಐಸ್ ಎಂಬ ಯೋಜನೆ. ಕಾಮುಟಿಕ್ ಎಂಬ ಮರದ ಜಾರುಬಂಡಿಗೆ ಹಿಮದ ದಪ್ಪ ಅಳೆಯುವ ಸಾಧನ ಕಟ್ಟಿ, ಹಿಮದ ಮೇಲೆ ಓಡುವ ಮೋಟಾರು ಬಂಡಿಯಾದ ಸ್ನೋಮೊಬೈಲಿನ ಹಿಂದೆ ಎಳೆಯುತ್ತಾರೆ. ಎಲ್ಲೆಲ್ಲಿ ಎಳೆಯಬೇಕು, ಯಾವ ಜಾಗ ಮೋಸದ್ದು ಎಂದು ಹಿರಿಯ ಬೇಟೆಗಾರರು ತೋರಿಸುತ್ತಾರೆ, ಊರಿನ ಯುವಕರು ನಕ್ಷೆ ಮಾಡಿ ಜನರಿಗೆ ಕೊಡುತ್ತಾರೆ. ಯಂತ್ರ ಹಿರಿಯರ ಜಾಗಕ್ಕೆ ಬಂದಿಲ್ಲ, ಅವರ ಪಕ್ಕಕ್ಕೆ ಬಂದಿದೆ. ಹೊರಗಿನಿಂದ ಬಂದ ಎಷ್ಟೋ ಯೋಜನೆಗಳು ಬಿದ್ದುಹೋದ ಕಡೆ ಇದು ನಿಂತಿರುವುದು ಆ ಕಾರಣಕ್ಕೇ ಎಂದು ನನ್ನ ಎಣಿಕೆ.

ಕಡಲು ಕೈಕೊಟ್ಟರೆ ನೆಲದ ಮೇಲೆ ಕ್ಯಾರಿಬೂ ಜಿಂಕೆ ಇಲ್ಲವೇ ಎನ್ನಬಹುದು. 1990ರ ದಶಕದಲ್ಲಿ ಲಕ್ಷಗಟ್ಟಲೆ ಇದ್ದ ಜಾರ್ಜ್ ನದಿಯ ಕ್ಯಾರಿಬೂ ಹಿಂಡು ಈಗ ಹತ್ತು ಸಾವಿರಕ್ಕೂ ಕೆಳಗಿಳಿದಿದೆ. ಬಾಫಿನ್ ದ್ವೀಪದಲ್ಲಿ 2015ರ ಆರಂಭದಲ್ಲಿ ಬೇಟೆಯನ್ನೇ ಪೂರ್ತಿ ನಿಲ್ಲಿಸಿ, ಆಮೇಲೆ ಬಹಳ ಸಣ್ಣ ಮಿತಿಯಲ್ಲಿ ಬಿಟ್ಟರು.

ಇಷ್ಟಕ್ಕೆ ನಿಲ್ಲಿಸಿದರೆ ಎಲ್ಲ ತಪ್ಪನ್ನೂ ಹವಾಮಾನದ ಮೇಲೆ ಹೊರಿಸಿದಂತಾಗುತ್ತದೆ. ಬೇಟೆಗೆ ಹೋಗಲು ಇವತ್ತು ಪೆಟ್ರೋಲ್ ಬೇಕು, ಗುಂಡು ಬೇಕು, ಸ್ನೋಮೊಬೈಲ್ ಬೇಕು, ಅಂದರೆ ದುಡ್ಡು ಬೇಕು. ಈ ಸ್ಥಿತಿ ತಾನಾಗಿ ಬಂದದ್ದಲ್ಲ. 1950ರ ದಶಕದವರೆಗೂ ಬಹಳ ಇನುಯಿಟ್ ಕುಟುಂಬಗಳು ಋತುಮಾನ ನೋಡಿ ಶಿಬಿರ ಬದಲಿಸುತ್ತಾ, ನಾಯಿಗಳು ಎಳೆಯುವ ಬಂಡಿಯಲ್ಲಿ ಓಡಾಡುತ್ತಿದ್ದವು. ಆಮೇಲೆ ಶಾಲೆ, ಆಸ್ಪತ್ರೆ, ಭತ್ಯೆಯ ಹೆಸರಿನಲ್ಲಿ ಅವರನ್ನು ಊರುಗಳಿಗೆ ತಂದು ಕೂರಿಸಲಾಯಿತು. ಹೆಸರು ಉಚ್ಚರಿಸಲು ಬಾರದ ಆಡಳಿತ ಕೊರಳಿಗೆ ಸಂಖ್ಯೆಯ ಬಿಲ್ಲೆ ಕೊಟ್ಟಿತ್ತು. 1953 ಮತ್ತು 1955ರಲ್ಲಿ ನುನಾವಿಕ್‌ನ ಇನುಕ್‌ಜುವಾಕ್ ಎಂಬ ಊರಿನ ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ರೆಸಲ್ಯೂಟ್ ಮತ್ತು ಗ್ರೀಸ್ ಫಿಯೋರ್ಡ್‌ಗೆ ಒಯ್ದು ಬಿಟ್ಟರು. ಬೇಕಾದರೆ ಎರಡು ವರ್ಷದಲ್ಲಿ ಹಿಂದಿರುಗಬಹುದು ಎಂದ ಮಾತು ನಡೆಯಲಿಲ್ಲ. ದೂರದ ದ್ವೀಪಗಳು ಕೆನಡಾದವು ಎಂದು ಜಗತ್ತಿಗೆ ತೋರಿಸಲು ಅಲ್ಲಿ ಜನ ಇರಬೇಕಿತ್ತು ಎಂಬ ಆರೋಪ ಅಂದಿನಿಂದಲೂ ಇದೆ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ನಾಯಿಗಳ ಕಥೆ ಇನ್ನೂ ಘೋರ. 1950ರಿಂದ 70ರ ದಶಕದವರೆಗೆ ಊರೊಳಗೆ ನಾಯಿ ಕಟ್ಟದೆ ಬಿಟ್ಟರೆ ಅಪಾಯ ಎಂಬ ಕಾರಣಕ್ಕೆ ಪೊಲೀಸರೂ ಅಧಿಕಾರಿಗಳೂ ಬಂಡಿ ನಾಯಿಗಳನ್ನು ಗುಂಡಿಟ್ಟು ಕೊಂದರು. ನಾಯಿ ಸತ್ತರೆ ಬೇಟೆ ಸತ್ತ ಹಾಗೆ. ಉಳುವ ಎತ್ತಿನ ಜೋಡಿಯನ್ನು ಕಣ್ಣೆದುರೇ ಕೊಂದರೆ ನಮ್ಮ ರೈತನ ಮನೆಯಲ್ಲಿ ಏನಾಗುತ್ತದೋ ಅದೇ ಅಲ್ಲಿಯೂ ಆಯಿತು. ನುನಾವುಟ್‌ನ ಕಿಕಿಕ್ತಾನಿ ಪ್ರದೇಶದ ಇನುಯಿಟ್ ಜನ ತಮ್ಮದೇ ಸತ್ಯಶೋಧನಾ ಆಯೋಗ ರಚಿಸಿ ಹಿರಿಯರ ಸಾಕ್ಷ್ಯ ದಾಖಲಿಸಿದ ಮೇಲೆ, 2019ರಲ್ಲಿ ಅವರಿಗೆ ಕೆನಡಾ ಕ್ಷಮೆ ಕೇಳಿತು. ನುನಾವಿಕ್‌ನವರಿಗೆ ಕ್ಷಮೆ ಸಿಗಲು 2024ರ ನವೆಂಬರ್ ಬರಬೇಕಾಯಿತು.

ನಾಯಿ ಹೋಗಿ ಸ್ನೋಮೊಬೈಲ್ ಬಂದಮೇಲೆ ಇಂಧನದ ದುಡ್ಡು ಸೀಲ್ ಚರ್ಮ ಮಾರಿ ಬರುತ್ತಿತ್ತು. ಮಾಂಸ ಮನೆಗೆ, ಚರ್ಮ ಮಾರುಕಟ್ಟೆಗೆ. 1983ರಲ್ಲಿ ಯುರೋಪಿನ ದೇಶಗಳು ಬಿಳಿ ತುಪ್ಪಳದ ಸೀಲ್ ಮರಿಗಳ ಚರ್ಮವನ್ನು ನಿಷೇಧಿಸಿದವು. ಆ ಮರಿಗಳ ವಾಣಿಜ್ಯ ಬೇಟೆ ನಡೆಯುತ್ತಿದ್ದುದು ದಕ್ಷಿಣದ ಅಟ್ಲಾಂಟಿಕ್ ಕರಾವಳಿಯಲ್ಲಿ, ಇನುಯಿಟ್ ಬೇಟೆ ಬೇರೆ ಜಾತಿಯದು, ಬೆಳೆದ ಸೀಲ್‌ನದು. ಆದರೆ ಕೊಳ್ಳುವವರು ಈ ವ್ಯತ್ಯಾಸ ನೋಡಲಿಲ್ಲ. ಸೀಲ್ ಚರ್ಮ ಎಂದರೆ ಪಾಪ ಎಂದಾಯಿತು, ಎಲ್ಲ ಚರ್ಮದ ಬೆಲೆಯೂ ನೆಲಕ್ಕೆ ಬಿತ್ತು. 2009ರಲ್ಲಿ ಯುರೋಪಿಯನ್ ಒಕ್ಕೂಟ ಇನ್ನೂ ವಿಸ್ತಾರವಾದ ನಿಷೇಧ ತಂದಾಗ ಇನುಯಿಟ್ ಬೇಟೆಗೆ ವಿನಾಯಿತಿ ಬರೆದಿತ್ತು. ಸತ್ತ ಮಾರುಕಟ್ಟೆಯಲ್ಲಿ ವಿನಾಯಿತಿಯಿಂದ ಏನು ಪ್ರಯೋಜನ? ಪ್ರಾಣಿದಯೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆ ದಯೆಯ ಬೆಲೆ ತೆತ್ತವರು ಯಾರು ಎಂದು ಕೇಳಲೇಬೇಕು. ಹಸಿವೆ ಅಂಗಡಿಯ ಬಾಗಿಲಿಗೆ ಹೋಗಿ ನಿಂತದ್ದು ಆ ವರ್ಷಗಳಿಂದ.

ಈಗ ಮತ್ತೆ ಆ ಎದೆಹಾಲಿಗೆ ಬರೋಣ. ಬಿಸಿನಾಡಿನಲ್ಲಿ ಆವಿಯಾಗುವ ಕೆಲವು ರಾಸಾಯನಿಕಗಳು ಗಾಳಿಯೊಂದಿಗೆ ಸಾಗಿ, ತಂಪಾದಲ್ಲಿ ಇಳಿದು, ಮತ್ತೆ ಬಿಸಿಲಿಗೆ ಎದ್ದು, ಮಿಡತೆಯಂತೆ ಕುಪ್ಪಳಿಸುತ್ತಾ ಉತ್ತರಕ್ಕೆ ಹೋಗುತ್ತವೆ. ಅಲ್ಲಿನ ಚಳಿಯಲ್ಲಿ ಮೇಲೇಳಲಾರವು, ಬೇಗ ಕೊಳೆಯಲೂ ಆರವು. ಪಾಚಿಯಿಂದ ಸಣ್ಣ ಜೀವಿಗೆ, ಅದರಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ ಹೋಗುತ್ತಾ ಪ್ರತಿ ಮೆಟ್ಟಿಲಿಗೂ ಸಾಂದ್ರವಾಗುತ್ತವೆ. ಕೊನೆಯ ಮೆಟ್ಟಿಲಲ್ಲಿ ಹಾಲು ಕುಡಿಯುವ ಮಗು.

ನಾಲ್ಕೂ ನಾಡುಗಳ ಇನುಯಿಟ್ ಜನರ ಸಂಘಟನೆಯಾದ ಇನುಯಿಟ್ ಸರ್ಕಂಪೋಲಾರ್ ಕೌನ್ಸಿಲ್, ಇಂಥ ರಾಸಾಯನಿಕಗಳನ್ನು ತಡೆಯಲು ನಡೆಯುತ್ತಿದ್ದ ಅಂತರರಾಷ್ಟ್ರೀಯ ಮಾತುಕತೆಗೆ ಈ ಸಂಗತಿಯನ್ನು ಒಯ್ದಿತು. ಮುಂದಾಳತ್ವ ನುನಾವಿಕ್‌ನಲ್ಲೇ ಹುಟ್ಟಿದ ಶೀಲಾ ವಾಟ್-ಕ್ಲೂಟಿಯರ್ ಅವರದು. ತಾಯಿ ಮಗುವಿನ ಒಂದು ಇನುಯಿಟ್ ಕಲ್ಲಿನ ಕೆತ್ತನೆಯನ್ನು ಅವರು ಸಭೆಗೆ ಕೊಟ್ಟರು. ಮಾತುಕತೆಯುದ್ದಕ್ಕೂ ಅದು ಅಧ್ಯಕ್ಷರ ಮೇಜಿನ ಮೇಲಿತ್ತು. 2001ರ ಮೇನಲ್ಲಿ ಸಹಿಯಾದ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲಿ ಆರ್ಕ್‌ಟಿಕ್‌ನ ಮೂಲನಿವಾಸಿಗಳಿಗಿರುವ ಅಪಾಯ ಹೆಸರು ಹೇಳಿಯೇ ದಾಖಲಾಗಿದೆ.

ಇಲ್ಲಿ ನಮ್ಮ ನೆಲದ ಒಂದು ಎಳೆ ಸೇರುತ್ತದೆ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆ, ಪುತ್ತೂರಿನ ಕಡೆ, ಗಡಿಯಾಚೆ ಕಾಸರಗೋಡಿನಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡವರು ಇನ್ನೂ ಇದ್ದಾರೆ. ಅದರ ಫಲವನ್ನು ಹಾಸಿಗೆಯಲ್ಲೇ ಬೆಳೆದ ಮಕ್ಕಳೂ ಅವರನ್ನು ಎತ್ತಿ ಆಡಿಸಿ ಮುದುಕಿಯರಾದ ತಾಯಂದಿರೂ ಉಣ್ಣುತ್ತಿದ್ದಾರೆ. ಈ ಕೀಟನಾಶಕವನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಬೇಕು ಎಂಬ ಪ್ರಸ್ತಾಪ ಬಂದಾಗ ಭಾರತ ಸರ್ಕಾರ ವರ್ಷಗಟ್ಟಲೆ ವಿರೋಧಿಸಿತು. ಒಪ್ಪಂದದ ನಿಯಮದ ಪ್ರಕಾರ ಒಂದು ರಾಸಾಯನಿಕ ಬಳಸಿದ ಜಾಗದಲ್ಲಿ ಕೇಡು ಮಾಡಿತು ಎಂದರೆ ಸಾಲದು, ಅದು ಬಳಸದ ದೂರದ ನಾಡಿಗೂ ಹೋಗುತ್ತದೆ ಎಂದು ತೋರಿಸಬೇಕು. ಆ ಸಾಕ್ಷ್ಯ ಸಿಕ್ಕಿದ್ದು ಆರ್ಕ್‌ಟಿಕ್‌ನ ಗಾಳಿಯಲ್ಲಿ, ಹಿಮದಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನ್ ಪಟ್ಟಿಗೆ ಸೇರಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆಯಿತು. ಕೊಕ್ಕಡದ ತಾಯಂದಿರೂ ನುನಾವಿಕ್‌ನ ತಾಯಂದಿರೂ ಒಬ್ಬರನ್ನೊಬ್ಬರು ಕಂಡಿಲ್ಲ. ಒಂದೇ ಒಪ್ಪಂದ ಇಬ್ಬರ ನೋವನ್ನೂ ಹೊತ್ತಿದೆ.

ಒಪ್ಪಂದ ಫಲ ಕೊಟ್ಟಿದೆ. ನುನಾವಿಕ್‌ನ ಬಸುರಿಯರ ರಕ್ತದಲ್ಲಿ ಪಿಸಿಬಿಯಂಥ ಹಳೆಯ ವಿಷಗಳು 1990ರ ದಶಕಕ್ಕಿಂತ ಬಹಳ ಕಡಿಮೆಯಾಗಿವೆ. ಆದರೆ ಜಿಡ್ಡು ಹತ್ತದ ಪಾತ್ರೆ, ನೀರು ಹೀರದ ಬಟ್ಟೆಗಳಿಗೆ ಬಳಸುವ ಪಿಎಫ್‌ಎಎಸ್ ಎಂಬ ಹೊಸ ಗುಂಪಿನ ರಾಸಾಯನಿಕಗಳು ಅದೇ ದಾರಿ ಹಿಡಿದು ಅಲ್ಲಿಗೆ ತಲುಪಿವೆ. ಪಾದರಸವಂತೂ ಇದ್ದೇ ಇದೆ. 2012ರಲ್ಲಿ ನುನಾವುಟ್‌ನ ಆರೋಗ್ಯ ಇಲಾಖೆ ಹೆರುವ ವಯಸ್ಸಿನ ಹೆಂಗಸರಿಗೆ ಸೀಲ್‌ನ ಯಕೃತ್ತು ಬೇಡ, ಮಾಂಸ ತಿನ್ನಿ ಎಂದು ಸಲಹೆ ಕೊಟ್ಟಿತು. ‘ಸೀಲ್ ಬಿಡಿ’ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಬಿಟ್ಟರೆ ಉಳಿಯುವುದು ಅಂಗಡಿಯ ಪೊಟ್ಟಣ.

ಹಿಮ ಸರಿದ ಕಡಲಿಗೆ ಈಗ ಹೊಸಬರು ಬರುತ್ತಿದ್ದಾರೆ. ಹಡಗು, ಗಣಿ, ತೈಲ ಹುಡುಕುವವರು. ಬಾಫಿನ್ ದ್ವೀಪದ ಕ್ಲೈಡ್ ರಿವರ್, ಅವರ ಬಾಯಲ್ಲಿ ಕಾಂಗಿಕ್ಟುಗಾಪಿಕ್, ಸಾವಿರ ಚಿಲ್ಲರೆ ಜನರ ಊರು. ಅಲ್ಲಿನ ಕಡಲಲ್ಲಿ ತೈಲ ಪತ್ತೆಗೆ ಸದ್ದಿನ ಸ್ಫೋಟ ನಡೆಸುವ ಯೋಜನೆ ಬಂತು. ನಾರ್ವಾಲ್ ತಿಮಿಂಗಿಲಗಳಿಗೆ ಇದರಿಂದ ಏನಾಗುತ್ತದೆ ಎಂದು ಜನ ಕೇಳಿದರು. ಉತ್ತರವಾಗಿ ಬಂದದ್ದು 3,926 ಪುಟಗಳ ಕಡತ. ಅಂತರ್ಜಾಲ ತೆವಳುವ ಊರಿಗೆ ಅದನ್ನು ಅಂತರ್ಜಾಲದಲ್ಲಿ ಹಾಕಿದ್ದರು, ಇನುಕ್ಟಿಟುಟ್ ಭಾಷೆಗೆ ಅನುವಾದವಾಗಿದ್ದುದು ಅದರ ಒಂದು ಚೂರು. ಊರಿನವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2017ರ ಜುಲೈ 26ರಂದು ಕೋರ್ಟ್ ಅನುಮತಿಯನ್ನು ರದ್ದು ಮಾಡಿತು, ಇದು ಜನರನ್ನು ಕೇಳಿದ ರೀತಿಯಲ್ಲ ಎಂದಿತು. ಪರಿಸರ ಪರಿಣಾಮದ ವರದಿ ಇಂಗ್ಲಿಷಿನಲ್ಲಿ ಮಾತ್ರ ಬಂದು, ಸಾರ್ವಜನಿಕ ಅಹವಾಲಿನ ದಿನ ಕಂಗಾಲಾಗಿ ಕೂತ ನಮ್ಮ ಹಳ್ಳಿಗಳವರಿಗೆ ಈ ತೀರ್ಪಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಗ್ರೀನ್‌ಲ್ಯಾಂಡ್ ಕೊಳ್ಳುವ ಮಾತು 2019ರಲ್ಲಿ ಒಮ್ಮೆ, 2025ರಲ್ಲಿ ಇನ್ನೂ ಜೋರಾಗಿ ಅಮೆರಿಕದಿಂದ ಕೇಳಿಬಂತು. ನಕ್ಷೆ, ಖನಿಜ, ನೌಕಾಮಾರ್ಗ ಎಲ್ಲದರ ಚರ್ಚೆ ಆಯಿತು. ಅಲ್ಲಿರುವ ಸುಮಾರು 57 ಸಾವಿರ ಜನರಲ್ಲಿ ಹೆಚ್ಚಿನವರು ಇನುಯಿಟ್, 2009ರಿಂದ ತಮ್ಮದೇ ಸ್ವಯಮಾಡಳಿತ, ತಮ್ಮದೇ ಆಡಳಿತ ಭಾಷೆ ಇರುವವರು ಎಂಬುದು ಚರ್ಚೆಯ ಕೊನೆಗೆ ಬರುತ್ತಿತ್ತು. ಆರ್ಕ್‌ಟಿಕ್ ಸುತ್ತಲಿನ ದೇಶಗಳ ವೇದಿಕೆಯಾದ ಆರ್ಕ್‌ಟಿಕ್ ಕೌನ್ಸಿಲ್‌ನಲ್ಲಿ 2013ರಿಂದ ಭಾರತವೂ ವೀಕ್ಷಕ ರಾಷ್ಟ್ರ. ಅದೇ ಸಭೆಯಲ್ಲಿ ಇನುಯಿಟ್ ಸಂಘಟನೆ ‘ಕಾಯಂ ಭಾಗೀದಾರ’ರ ಸ್ಥಾನದಲ್ಲಿ, ನಮ್ಮ ಮುಂದಿನ ಸಾಲಿನಲ್ಲಿ ಕೂರುತ್ತದೆ. ನಮ್ಮ ಆಸಕ್ತಿ ಮುಂಗಾರಿನದೂ ಹೌದು, ಖನಿಜದ್ದೂ ಹೌದು. ಯಾರ ಮನೆಯಂಗಳಕ್ಕೆ ಹೋಗುತ್ತಿದ್ದೇವೆ ಎಂಬ ಅರಿವು ಜೊತೆಗಿರಬೇಕು ಎಂದು ಮಾತ್ರ ನನ್ನ ಆಸೆ.

ಬಾಫಿನ್‌ನ ಉತ್ತರಕ್ಕೆ ತಲ್ಲುರುಟಿಯುಪ್ ಇಮಂಗಾ ಎಂಬ ಕಡಲ ಹರವಿದೆ. ಸುಮಾರು 1,08,000 ಚದರ ಕಿಲೋಮೀಟರ್, ಕರ್ನಾಟಕದ ಅರ್ಧಕ್ಕಿಂತ ದೊಡ್ಡದು. ಅಲ್ಲಿ ತೈಲ ಹುಡುಕುವುದನ್ನು ತಡೆಯಲು ಇನುಯಿಟ್ ಜನ ದಶಕಗಟ್ಟಲೆ ಹೋರಾಡಿದರು, 2019ರಲ್ಲಿ ಅದು ಅವರೊಂದಿಗಿನ ಒಪ್ಪಂದದ ಮೂಲಕ ಸಂರಕ್ಷಿತ ಕಡಲಾಯಿತು. ಅದನ್ನು ಕಾಯುವವರಿಗೆ ನೌಟ್ಟಿಕ್ಸುಕ್ಟಿಟ್ ಎಂದು ಹೆಸರು. ಆರ್ಕ್‌ಟಿಕ್ ಬೇ ಎಂಬ ಊರಿನಲ್ಲಿ ಮೊದಲು ಶುರುವಾದ ಈ ಕೆಲಸಕ್ಕೆ ತಿಂಗಳ ಸಂಬಳವಿದೆ. ಹಿಮದ ಸ್ಥಿತಿ ನೋಡುವುದು, ಹಡಗುಗಳ ಮೇಲೆ ಕಣ್ಣಿಡುವುದು, ಪ್ರಾಣಿಗಳನ್ನು ಗಮನಿಸಿ ಬರೆದಿಡುವುದು ಅವರ ಹೊಣೆ. ಬೇಟೆಯೂ ಅದೇ ಹೊಣೆಯ ಭಾಗ. ಸ್ನೋಮೊಬೈಲಿಗೆ ಇಂಧನ ಹಾಕಲು ಚರ್ಮ ಮಾರಬೇಕಿಲ್ಲ. ಕಾವಲಿಗೆ ಹೋದವರು ಸೀಲ್ ಹೊಡೆದು ತಂದರೆ ಅದನ್ನು ಊರಲ್ಲಿ ಪಾಲು ಮಾಡಿ ಹಂಚುತ್ತಾರೆ, ಬೇಟೆಗೆ ಹೋಗಲಾರದ ಹಿರಿಯರ ಮನೆಗಳಿಗೂ ಪಾಲು ತಲುಪುತ್ತದೆ.